ಹತ್ತಕ್ಕೆ ಸೊನ್ನೆ

ಅಂಗಿಯ ಕಾಲರಿನ ಗುಂಡಿ ಹಾಕಿದ ಮೇಲೂ ಕತ್ತಿನ ಪಕ್ಕ ನಾಲ್ಕು ಬೆರಳು ತೂರುವಷ್ಟು ಜಾಗ ಉಳಿಯಿತು. ಹೆಂಡತಿ ಸಮವಸ್ತ್ರವನ್ನು ಬೆನ್ನ ಹಿಂದೆ ಮಡಿಚಿ ಸಿಕ್ಕಿಸಿದಳು. ಬಸ್ ಡ್ರೈವರನಾಗಿ ಬದುಕೆಲ್ಲ ಇದೇ ಬಟ್ಟೆಯಲ್ಲಿ ಕಳೆದವನು, ಕೊನೆಯ ಸಲ ಹೊರಡುವಾಗಲೂ ಇದೇ ಇರಲಿ ಎಂದಿದ್ದ.

"ಇರಲಿ ಬಿಡಿ ಅತ್ತಿಗೆ, ಗಾಳಿ ಆಡತ್ತೆ," ಎಂದ ಜೊತೆಯ ಡ್ರೈವರ್ ಹಾರ್ನ್. ಡಿಪೋದಲ್ಲಿ ಎಲ್ಲರೂ ಅವನನ್ನು ಕರೆಯುವುದೇ ಹಾಗೆ. ಅವನು ಗುಟ್ಟು ಹೇಳಿದರೂ ಬೀದಿಗೆಲ್ಲ ಕೇಳುತ್ತದೆ. ತನ್ನ ಮಾತಿಗೆ ತಾನೇ ನಗಲು ಹೋಗಿ ಬಿಕ್ಕಿ ಬಿಕ್ಕಿ ಅತ್ತ.

ಗೋಡೆಗೊರಗಿ ಕೂತಿದ್ದ ಡ್ರೈವರುಗಳು ಹಳೆಯ ಮಾತು ತೆಗೆದರು. ವರ್ಷಕ್ಕೊಮ್ಮೆ ಡಿಪೋದಲ್ಲಿ ನಡೆಯುವ ವೈದ್ಯಕೀಯ ಪರೀಕ್ಷೆಯಲ್ಲಿ ಈಗ ತೀರಿಕೊಂಡವನನ್ನು ಮೀರಿಸುವವರೇ ಇರಲಿಲ್ಲ.

"ಮಂಡಿ ಬಾತು ಕುಂಟ್ತಾ ಬಂದಿದ್ದ. ಡಾಕ್ಟ್ರು ಬಾಗಿಲು ತೆಗೆದ್ರೋ ಇಲ್ವೋ, ಮದುಮಗನ ಥರ ನಡ್ಕೊಂಡು ಒಳಗೆ ಹೋದ!"

"ನೋವಿದ್ಯಾ ಅಂದ್ರೆ, ನೋವು ಅಂದ್ರೇನು ಸಾರ್ ಅಂದ್ನಂತೆ!"

ನಗು ಎದ್ದಿತು. ನೋವಿದೆ ಎಂದವನನ್ನು ಬಸ್ಸಿನಿಂದ ಇಳಿಸಿ ಗೇಟು ಕಾಯಲು ಕೂರಿಸುತ್ತಾರೆ. ಹಾಗಾಗಿ ಯಾವ ಡ್ರೈವರನೂ ಡಾಕ್ಟರ ಮುಂದೆ ನಿಜ ಬಾಯಿಬಿಡುವುದಿಲ್ಲ. ಹೆಂಡತಿಗೂ ಒಂದಿಷ್ಟು ನಗು ಬಂತು.

ಆಗಲೇ ಆಸ್ಪತ್ರೆಯ ನರ್ಸ್ ಕೊಡೆ ಮಡಿಚುತ್ತ ಒಳಬಂದಳು. ರಕ್ತದ ಕ್ಯಾನ್ಸರ್ ವಾರ್ಡಿನವಳು. ಗಂಡ ಹೆಂಡತಿ ಹೋದಾಗಲೆಲ್ಲ ನಿದ್ದೆ, ಊಟ, ನೋವು, ಬೇಸರ ಎಂದು ಒಂದೊಂದಾಗಿ ಕೇಳಿ, ರೋಗಿಯ ಬದುಕು ಹೇಗೆ ಸಾಗಿದೆಯೆಂದು ಅಂಕಿಗಳಲ್ಲಿ ಅಳೆದುಕೊಳ್ಳುತ್ತಿದ್ದವಳು ಇವಳೇ.

ಹೆಂಡತಿಯ ಕೈ ಹಿಡಿದು, "ಒಂದು ಸಮಾಧಾನ ಇಟ್ಕೊಳ್ಳಿ ಅಮ್ಮ," ಎಂದಳು. "ಇವ್ರು ನೋವು ತಿನ್ನಲಿಲ್ಲ. ಈ ಕಾಯಿಲೇಲಿ ಮೂಳೆನೋವು ಜೀವ ಹಿಂಡತ್ತೆ. ಇವ್ರದ್ದು ಮಾತ್ರ ಕೊನೇವರೆಗೂ ಸೊನ್ನೆ."

* * *

"ಹತ್ತಕ್ಕೆ ಎಷ್ಟು ನೋವು ಅಣ್ಣ?"

"ಸೊನ್ನೆ ಸಿಸ್ಟರ್."

"ನಿದ್ದೆ?"

"ನನ್ನ ಗೊರಕೆಗೆ ಇವಳೇ ಎದ್ದು ಆಚೆ ಹೋಗ್ತಾಳೆ."

ಹಿಂದಿನ ರಾತ್ರಿ ಅವನು ಮಗ್ಗುಲು ಬದಲಿಸಲಾರದೆ ದಿಂಬು ಕಚ್ಚಿದ್ದನ್ನು ಕಂಡಿದ್ದ ಹೆಂಡತಿ ಬಾಯಿ ತೆರೆದಳು. ಮೇಜಿನ ಕೆಳಗೆ ಅವನು ಅವಳ ಕಾಲು ಮೆಟ್ಟಿದ.

ಹೊರಗೆ ಬಂದ ಮೇಲೆ, "ನಿಂಗೆ ಗೊತ್ತಾಗಲ್ಲ ಸುಮ್ನಿರು," ಎಂದು ಗದರಿದ. "ತಡ್ಕೊಳಕ್ಕಾಗ್ತಿಲ್ಲ ಅಂದ್ರೆ ಔಷಧಿ ನಿಲ್ಲಿಸಿ ಮನೆಗೆ ಕಳಿಸ್ತಾರೆ. ಇಂಥ ಪರೀಕ್ಷೆ ಎಷ್ಟು ಪಾಸು ಮಾಡಿಲ್ಲ ನಾನು?"

ಅವಳು ನಂಬಿದಳು. ಅವನು ಬದುಕಬೇಕಿತ್ತು, ಅಷ್ಟೇ. ಆಮೇಲೆ ನರ್ಸ್ ಯಾವಾಗ ತನ್ನ ಕಡೆ ತಿರುಗಿದರೂ, "ಹೌದಮ್ಮ, ಚೆನ್ನಾಗಿದಾರೆ" ಎಂದು ತಾನೇ ತಲೆಯಾಡಿಸುತ್ತಿದ್ದಳು.

* * *

"ಸುಳ್ಳು," ಎಂದಳು ಹೆಂಡತಿ. "ರಾತ್ರಿಯೆಲ್ಲ ನರಳ್ತಿದ್ರು. ಹೇಳಿದ್ರೆ ಔಷಧಿ ನಿಲ್ಲಿಸಿಬಿಡ್ತೀರಿ ಅಂತ..."

ನರ್ಸ್ ಹಿಡಿದ ಕೈ ಬಿಡಲಿಲ್ಲ. ಆದರೆ ಅವಳ ಮುಖ ಬಿಳಿಚಿಕೊಂಡಿತು. "ನಿಲ್ಲಿಸೋದಾ? ನೋವಿಗೆ ಮದ್ದು ಕೊಡೋಕೇ ಕೇಳೋದಮ್ಮ ಅದನ್ನ! ನಾಲ್ಕು ಅಂದಿದ್ರೂ ಸಾಕಿತ್ತು, ಅವತ್ತೇ ಶುರು ಮಾಡ್ತಿದ್ವಿ. ಒಳ್ಳೇ ಮದ್ದಿದೆ. ನಿದ್ದೆ ಬರ್ತಿತ್ತು."

ಹೆಂಡತಿಗೆ ಸಿಡಿಲು ಬಡಿದಂತಾಯಿತು. ಒಂದೇ ಒಂದು ಮಾತು. ನಾಲಿಗೆಯ ತುದಿಗೆ ಬಂದಿದ್ದನ್ನು ಅವಳೇ ನುಂಗಿಕೊಂಡಿದ್ದಳು.

"ನಾನೇ ಅತ್ತಿಗೆ," ಎಂದ ಹಾರ್ನ್. "ಏನೇ ಕೇಳಲಿ, ಏನಿಲ್ಲ ಅಂದ್ಬಿಡು ಅಂತ ಅವನಿಗೆ ನಾನೇ ಹೇಳ್ಕೊಟ್ಟಿದ್ದೆ." ಅವನ ದನಿ ಬಾಗಿಲು ದಾಟಲಿಲ್ಲ.

ಅಷ್ಟರಲ್ಲಿ ಮನೆ ಮುಂದೆ ವ್ಯಾನು ಬಂದು ನಿಂತಿತು. ಏನು ಮಾಡಬೇಕೆಂದು ತೋಚದೆ ಕೂತಿದ್ದ ಡ್ರೈವರುಗಳಿಗೆ ಅದೇ ಸಾಕಾಯಿತು. ದಡಬಡನೆ ಎದ್ದು ದೇಹಕ್ಕೆ ಕೈಹಾಕಿದರು. ಅವಸರದಲ್ಲಿ ತಲೆ, ಕಾಲು ಮೇಲೆದ್ದು ನಡು ಕೆಳಗೆ ಜೋತುಬಿತ್ತು.

"ಮೆಲ್ಲಗೆ!" ಹೆಂಡತಿ ಕಿರುಚಿದಳು. "ಮೆಲ್ಲಗೆ ಎತ್ರಪ್ಪಾ, ಸೊಂಟ ನೋಯತ್ತೆ ಅವ್ರಿಗೆ! ತುಂಬಾ ನೋಯತ್ತೆ!"

ಎಲ್ಲರೂ ನಿಂತಲ್ಲೇ ನಿಂತರು. ಸತ್ತವನಿಗೆಂಥ ನೋವು ಎಂದು ಯಾರೂ ಅನ್ನಲಿಲ್ಲ. ನರ್ಸ್ ಓಡಿಬಂದು ಎರಡೂ ಅಂಗೈಗಳನ್ನು ಅವನ ಸೊಂಟದ ಕೆಳಗೆ ಕೊಟ್ಟಳು. ಹಾಗೆ ಹಿಡಿದುಕೊಂಡೇ, ಅಲುಗಿಸದಂತೆ, ಒಂದೊಂದೇ ಮೆಟ್ಟಿಲು ಇಳಿದರು.