ಅಂಜಿನಮ್ಮನ ಕೆಂಪು ಸೀರೆ

ಪೀಣ್ಯದ ಲೇತ್ ಶೆಡ್ಡುಗಳ ನಡುವೆ ಉಳಿದುಕೊಂಡಿದ್ದ ತನ್ನ ಹಿರಿಯರ ಕಂಬದ ಮನೆಯನ್ನು ಜನ ಬಂದು ನೋಡುವಂತೆ ಮಾಡಬೇಕೆಂಬ ಆಸೆ ಚಿಕ್ಕಬೈರಪ್ಪನಿಗೆ. ಪೂರ್ವಜರ ಬಟ್ಟೆಗಳನ್ನು ಕೆಡದಂತೆ ಜೋಡಿಸಿಡಲು ದಾವಣಗೆರೆ ಕಡೆಯ ನೀಲಾಂಬಿಕಾಳನ್ನು ಕರೆಸಿದ್ದ. ಹಳೇ ರೇಷ್ಮೆಯನ್ನು ಕಾಪಾಡುವುದೇ ಆಕೆಯ ಕೆಲಸ.

ಆ ಬಟ್ಟೆಗಳಿದ್ದ ಬೀಟೆ ಮರದ ಪೆಟ್ಟಿಗೆ ತೆರೆದಾಗ ಅವಳಿಗೆ ಖುಷಿಯಾಗಬೇಕಿತ್ತು. ಮುತ್ತಜ್ಜಿಯರ ಕಾಲದ ಸೀರೆಗಳು, ಒಂದರಲ್ಲೂ ಹುಳು ತಿಂದ ತೂತಿಲ್ಲ. ಆದರೆ ಪೆಟ್ಟಿಗೆಯ ಮೂಲೆಯಲ್ಲಿ ಹಲ್ಲಿಯೊಂದು ಒಣಗಿ ಕಡ್ಡಿಯಾಗಿತ್ತು. ಮಡಿಕೆ ಮಡಿಕೆಯಲ್ಲೂ ನುಣ್ಣಗಿನ ಬಿಳಿ ಪುಡಿ.

"ಇದೇನಜ್ಜಿ?" ಎಂದು ಚಿಕ್ಕಬೈರಪ್ಪನ ತಾಯಿ ಅಂಜಿನಮ್ಮನನ್ನು ಕೇಳಿದಳು.

"ಔಸ್ತಿ ಕಣವ್ವಾ. ನಮ್ಮತ್ತೆ ಆಕ್ತಿದ್ರು, ಈಗ ನಾನು. ವರ್ಸಾ ವರ್ಸಾ ಕೈಯಾಗೇ ಸವರ್ತೀನಿ. ಒಂದು ಉಳಾನೂ ಸುಳಿಯಕ್ಕಿಲ್ಲ."

ಹೆಮ್ಮೆಯಿಂದ ಅಂಗೈ ಚಾಚಿ ತೋರಿಸಿದಳು. ಅಂಗೈ ತುಂಬ ಜೋಳದ ಕಾಳಿನಂಥ ಗಟ್ಟಿ ಗಂಟುಗಳು. ನೀಲಾಂಬಿಕಾ ಕೈಗವಸನ್ನು ಮೇಲಕ್ಕೆಳೆದುಕೊಂಡು, ಚಿಟಿಕೆ ಪುಡಿಯನ್ನು ಲ್ಯಾಬಿಗೆ ಕಳಿಸಿದಳು.

ಉತ್ತರ ಬಂದದ್ದು ಅಂಜಿನಮ್ಮನ ಮೊಮ್ಮಗಳು ದಿವ್ಯಾಳ ಸೀಮಂತದ ಬೆಳಗ್ಗೆ. ಪಾಷಾಣ, ಅಂದರೆ ಆರ್ಸೆನಿಕ್; ಅಜ್ಜಿಯ ಅಂಗೈ ಗಂಟುಗಳೂ ಅದರದ್ದೇ ಗುರುತು. ಉಸಿರಲ್ಲಿ ಹೋದರೂ ಅಪಾಯ, ಬಸಿರಿಯರಂತೂ ಹತ್ತಿರ ಸುಳಿಯಬಾರದು. ಆ ಮನೆಯ ಬಸಿರಿಯರು ಸೀಮಂತಕ್ಕೆ ಉಡುತ್ತಿದ್ದದ್ದು ಪೆಟ್ಟಿಗೆಯ ಕೆಂಪು ಸೀರೆಯನ್ನೇ.

ನೀಲಾಂಬಿಕಾ ಓಡೋಡಿ ಬಂದು ಹೇಳಿದಳು. ದಿವ್ಯಾ ಹೆದರಿ, "ನಾನು ಉಡಲ್ಲ, ಅಂಗಡಿ ಸೀರೇನೇ ಸಾಕು" ಅಂದಳು. ಚಿಕ್ಕಬೈರಪ್ಪ ಮೊದಲು ಗೊಣಗಿದರೂ ಮಗಳ ಮುಖ ನೋಡಿ ಒಪ್ಪಿದ. ಅಂಜಿನಮ್ಮ ಮಾತ್ರ ನೀಲಾಂಬಿಕಾಳನ್ನೇ ದಿಟ್ಟಿಸಿ ನೋಡಿ ಒಳಗೆ ಹೋದಳು.

ಮಧ್ಯಾಹ್ನ ಪಡಸಾಲೆ ತುಂಬಿತು. ಹೊರಗೆ ಯಂತ್ರಗಳು ಕಿರ್ರೆನ್ನುತ್ತಿದ್ದವು. ಆರತಿ ಮುಗಿಯುವ ಹೊತ್ತಿಗೆ ಕೋಣೆಯ ಬಾಗಿಲು ತೆರೆಯಿತು. ಕೆಂಪು ಸೀರೆಯನ್ನು ಅಂಜಿನಮ್ಮ ತಾನೇ ಉಟ್ಟು ಬಂದಿದ್ದಳು.

"ನನ್ನ ಸೀರೇಲಿ ಇಸ ಐತಂತೆ," ಅಂದಳು ಎಲ್ಲರಿಗೂ ಕೇಳುವಂತೆ. "ಐವತ್ತು ವರ್ಸ ಮುಟ್ಟಿವ್ನಿ, ಸತ್ತಿವ್ನಾ? ಬಾ ಮಗಾ, ಆಸೀರ್ವಾದ ತಗೋ."

ಹೆಂಗಸರು ನಕ್ಕರು. ನೆಂಟರ ಕಣ್ಣೆಲ್ಲ ತನ್ನ ಮೇಲೇ ನೆಟ್ಟಾಗ ದಿವ್ಯಾಳಿಗೆ ಹಿಂದೆ ಸರಿಯಲಾಗಲಿಲ್ಲ. ಬಗ್ಗಿದಳು. ಅಜ್ಜಿ ಅಲ್ಲೇ ಕುಳಿತು ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡು, ಮುಖದ ಮೇಲೆ ಸೆರಗು ಹೊದಿಸಿ, ಬೆನ್ನು ಸವರತೊಡಗಿದಳು.

"ಬಿಡಿ ಅವಳನ್ನ!"

ನೀಲಾಂಬಿಕಾ ಜನರನ್ನು ತಳ್ಳಿಕೊಂಡು ಹೋಗಿ ಸೆರಗು ಕಿತ್ತಳು. ಕಿಟಕಿಯ ಬಿಸಿಲಿನಲ್ಲಿ ಪುಡಿ ಹಬೆಯಂತೆ ಎದ್ದಿತು. ದಿವ್ಯಾಳ ಕೆನ್ನೆ, ರೆಪ್ಪೆ, ತುಟಿಯ ಅಂಚು ಬೆಳ್ಳಗಾಗಿದ್ದವು.

"ಏನ್ ಹೆಂಗಸಪ್ಪಾ ಇದು, ಶುಭಕಾರ್ಯದಾಗೆ!" ಯಾರೋ ಸಿಡುಕಿದರು.

ನೀಲಾಂಬಿಕಾ ದಿವ್ಯಾಳನ್ನು ಹಿತ್ತಲ ನಲ್ಲಿಗೆ ಎಳೆದೊಯ್ದು ಮುಖಕ್ಕೆ ನೀರೆರಚಿದಳು. "ಬಾಯಿ ಮುಕ್ಕಳಿಸು. ನುಂಗಬೇಡ. ಈಗಲೇ ಆಸ್ಪತ್ರೆಗೆ ಹೋಗೋಣ."

"ಮಗೂಗೆ ಏನೂ ಆಗಲ್ಲ ಅಲ್ವಾ ಅಕ್ಕಾ?" ದಿವ್ಯಾ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಳು.

ನೀಲಾಂಬಿಕಾ ಕಾರು ತರಿಸಲು ಚಿಕ್ಕಬೈರಪ್ಪನನ್ನು ಕೂಗುತ್ತಾ ಪಡಸಾಲೆಗೆ ತಿರುಗಿದಳು.

ಅಲ್ಲಿ ಅಂಜಿನಮ್ಮ ಕಂಬಕ್ಕೊರಗಿ ಕುಳಿತಿದ್ದಳು. ಕಂಕುಳ ಕೂಸುಗಳ ಸಮೇತ ಮನೆಯ ಹೆಂಗಸರು ಸಾಲಾಗಿ ನಿಂತು, ಆಶೀರ್ವಾದಕ್ಕೆಂದು ಒಬ್ಬೊಬ್ಬರಾಗಿ ಬಗ್ಗಿ ಆ ಕೆಂಪು ಸೀರೆಯ ಮಡಿಲಿಗೆ ಮುಖವಿಡುತ್ತಿದ್ದರು.