ಬಚ್ಚಲಿನ ಚಿಲಕ

ಗಾಜಿನ ಕಾರ್ಖಾನೆ ಮುಚ್ಚಿದ ಮೇಲೆ ಕುಲುಮೆ ಮೇಸ್ತ್ರಿ ಕೆಲಸಕ್ಕಾಗಿ ಅಲೆದಲೆದು ಸೋತುಹೋಗಿದ್ದ. ಕೊನೆಗೆ ಬೇರೊಂದು ಕಾರ್ಖಾನೆಯಲ್ಲಿ ಒಂದೇ ಒಂದು ಜಾಗ ಖಾಲಿಯಾಯಿತು. ಅದಕ್ಕೆ ಪೈಪೋಟಿಗಿದ್ದವನು, ಎಲ್ಲರೂ ಮೀಸೆ ಎಂದೇ ಕರೆಯುತ್ತಿದ್ದ ಹಳೆಯ ಜೊತೆಗಾರ ಒಬ್ಬನೇ. ಅವನನ್ನು ಮುಗಿಸಿಬಿಟ್ಟರೆ ತನ್ನ ಹೆಂಡತಿ ಮಕ್ಕಳು ಬದುಕಿಕೊಳ್ಳುತ್ತಾರೆ ಎಂದು ತಲೆಕೆಟ್ಟು, ಮೇಸ್ತ್ರಿ ಚೀಲದಲ್ಲಿ ಸುತ್ತಿಗೆ ಇಟ್ಟುಕೊಂಡು ಮೀಸೆಯ ಮನೆಗೆ ಹೋದ.

ಬಾಗಿಲು ತೆರೆದ ಮೀಸೆ ಬೆವೆತು ನೀರಾಗಿದ್ದ. ಮೇಸ್ತ್ರಿ ಸುತ್ತಿಗೆ ಎತ್ತಿದ್ದೇ ತಡ, ಮೀಸೆಯ ಮುಖ ಅರಳಿತು.

"ಅಯ್ಯೋ ಪುಣ್ಯಾತ್ಮ, ದೇವರು ಬಂದ ಹಾಗೆ ಬಂದೆ! ಅಮ್ಮ ಬಚ್ಚಲಲ್ಲಿ ಸಿಕ್ಕಿಹಾಕ್ಕೊಂಡಿದ್ದಾಳೆ, ಚಿಲಕ ತೆಗೆಯೋಕೇ ಬರ್ತಿಲ್ಲ. ಬೇಗ ಒಡಿ!"

ಮೀಸೆ ಅವನನ್ನು ಒಳಗೆ ಎಳೆದೊಯ್ದ. ಎತ್ತಿದ ಸುತ್ತಿಗೆ ಬಚ್ಚಲ ಬಾಗಿಲಿನ ಮೇಲೆ ಬಿತ್ತು. ಚಿಲಕ ಕಳಚಿತು. ನಡುಗುತ್ತಾ ಹೊರಬಂದ ಮುದುಕಿ ಮೇಸ್ತ್ರಿಯ ಕೈ ಹಿಡಿದುಕೊಂಡಳು.

"ನಿನ್ನ ಹೆತ್ತ ಹೊಟ್ಟೆ ತಣ್ಣಗಿರಲಪ್ಪಾ!"

ಮೇಸ್ತ್ರಿ ಅಲ್ಲೇ ಕುಸಿದು ಗಳಗಳನೆ ಅತ್ತುಬಿಟ್ಟ.

"ಒಳಗಿದ್ದೋಳು ನಾನು, ನೀನ್ಯಾಕೋ ಅಳ್ತೀಯಾ?" ಎಂದು ಮುದುಕಿ ನಕ್ಕಳು.

ಕೆಲಸ ಮೀಸೆಗೇ ಸಿಕ್ಕಿತು. ಮೇಸ್ತ್ರಿ ಈಗ ಮನೆಮನೆಯ ಕಿಟಕಿಗಳಿಗೆ ಗಾಜು ಕೂರಿಸುತ್ತಾನೆ, ಸಂಪಾದನೆ ಅಷ್ಟಕ್ಕಷ್ಟೇ. ಆದರೂ ಊಟಕ್ಕೆ ಕೂತಾಗ ಮಕ್ಕಳ ಮುಖವನ್ನು ಕಣ್ಣೆತ್ತಿ ನೋಡಬಲ್ಲೆನಲ್ಲ ಎಂಬ ಸಮಾಧಾನ ಅವನಿಗಿದೆ. ಬೆಳಿಗ್ಗೆ ಎದ್ದು ಅವನು ಮೊದಲು ಮನಸ್ಸಿನಲ್ಲೇ ಕೈಮುಗಿಯುವುದು ಆ ಮುದುಕಿಗೆ.