ಒಂದೇ ಬೆರಳಿನ ರಕ್ತ

ನಯನಾಳ ಯಂತ್ರ ಮೊದಲ ಸಲ ಬೇರೊಬ್ಬರ ರಕ್ತದ ರುಚಿ ನೋಡಿದ್ದು ಮತ್ತಿಕೆರೆಯ ಅವಳ ಮನೆಯಲ್ಲೇ, ತಾತ ಪಿಳ್ಳಪ್ಪನವರ ಬೆರಳಿನಿಂದ. ಸಕ್ಕರೆ ಕಾಯಿಲೆಗೆ ಹಳಬರಾದ ತಾತ ಸೂಜಿ ಚುಚ್ಚಿದಾಗ ಮುಖವನ್ನೂ ಕಿವುಚಲಿಲ್ಲ. ಹೆಬ್ಬಾಳದ ಲ್ಯಾಬಿನಲ್ಲಿ ಅವಳೇ ಕೂತು ಕಿಣ್ವ ಸವರಿದ ಪುಟ್ಟ ಪಟ್ಟಿ ಹನಿಯನ್ನು ಹೀರಿತು. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಷ್ಟೂ ಪಟ್ಟಿಯಲ್ಲಿ ಕರೆಂಟು ಹೆಚ್ಚು. ಆ ಕರೆಂಟನ್ನೇ ಯಂತ್ರ ಅಂಕಿಯಾಗಿ ತೋರಿಸಬೇಕು. ನೂರ ಹದಿನೆಂಟು ಎಂದು ತೋರಿಸಿತು.

"ನೋಡಿದ್ಯೇನೇ," ತಾತ ಹೆಂಡತಿಯತ್ತ ತಿರುಗಿದರು. "ಅಂಗಡಿ ಮಷೀನು ಇಷ್ಟ್ ದಿನ ನನ್ ಮ್ಯಾಲೆ ಸುಮ್ಕೆ ಅಪವಾದ ಹೊರಿಸ್ತಿತ್ತು. ಇದು ನಮ್ ಮೊಮ್ಮಗ್ಳು ಮಾಡಿರೋದು. ಒಬ್ಬಟ್ಟು ತತ್ತಾ."

"ಇಂಗೆ ಅಂತ ಗೊತ್ತಿದ್ರೆ ಇನ್ನೊಂದ್ ಸೇರು ಬ್ಯಾಳೆ ಹಾಕ್ತಿದ್ದೆ," ಎನ್ನುತ್ತ ಅಜ್ಜಿ ಮುನಿವೆಂಕಟಮ್ಮ ತುಪ್ಪ ಸವರಿದ ಒಬ್ಬಟ್ಟನ್ನು ತಂದಿಟ್ಟು ಒಳಗೆ ಹೋದರು.

ಹುಟ್ಟಿದಾಗಿನಿಂದ ನಯನಾಳನ್ನು ಯಾರೂ ಹೀಗೆ ಹೊಗಳಿರಲಿಲ್ಲ. ಆ ಸುಖ ಒಂದು ನಿಮಿಷವಾದರೂ ಇರಲಿ ಎಂದುಕೊಂಡರೂ, ಅಭ್ಯಾಸಬಲದಿಂದ ಅದೇ ಬೆರಳಿನ ಇನ್ನೊಂದು ಹನಿಯನ್ನು ಅಂಗಡಿಯ ಮೀಟರಿಗೂ ಕುಡಿಸಿದಳು. ನೂರ ಎಪ್ಪತ್ತು.

ತಪ್ಪು ಎಲ್ಲಿದೆ ಎಂದು ಹುಡುಕಬೇಕಾಗಿರಲಿಲ್ಲ. ಅದು ಅವಳ ಚುಡಿದಾರ್ ಹಾಕಿಕೊಂಡು ಅಲ್ಲೇ ಕೂತಿತ್ತು. ಹತ್ತಾರು ಜನರ ರಕ್ತದಲ್ಲಿ ಪರೀಕ್ಷಿಸಿ ಅಳತೆ ಕೂರಿಸು ಎಂದು ಸಂಶೋಧನೆಯ ಗೈಡ್ ಹೇಳಿದ್ದರು. ಅನುಮತಿಗಳೆಲ್ಲ ಸಿಕ್ಕಿದ್ದವು, ಅವಳ ಬಾಯೊಂದು ಬಿಟ್ಟು. "ಒಂದು ಹನಿ ರಕ್ತ ಕೊಡ್ತೀರಾ" ಎಂಬ ಮಾತನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದಳು; ಕನ್ನಡಿಯಲ್ಲಿದ್ದವಳೂ ನಾಚಿ ಬೇರೆ ಕಡೆ ನೋಡಿದ್ದಳು. ಕೊನೆಗೆ ಪ್ರತಿ ಸಲವೂ ತನ್ನ ಬೆರಳನ್ನೇ ಚುಚ್ಚಿಕೊಂಡಳು. ಅವಳದೋ ಕೆಂಪು ಕಣ ಕಡಿಮೆಯಿರುವ ತೆಳು ರಕ್ತ. ಅದರಲ್ಲಿ ಸಕ್ಕರೆ ಸಲೀಸಾಗಿ ಪಟ್ಟಿಯನ್ನು ಮುಟ್ಟುತ್ತದೆ. ಆ ಲೆಕ್ಕಕ್ಕೆ ಒಗ್ಗಿದ ಯಂತ್ರಕ್ಕೆ ತಾತನ ಮಂದ ರಕ್ತದ ಸಕ್ಕರೆ ಕಮ್ಮಿಯಾಗಿ ಕಂಡಿತ್ತು. ಹೆತ್ತವಳಂತೆಯೇ ಯಂತ್ರ: ಹೊರಗಿನವರ ಪರಿಚಯವೇ ಇಲ್ಲ.

ತಾತ ಒಬ್ಬಟ್ಟನ್ನು ಮಡಿಚಿ ಎತ್ತಿದರು. "ಸಾಯಂಕಾಲದ ಮಾತ್ರೇನೂ ಬ್ಯಾಡ ಬಿಡು," ಎಂದರು.

ಹೇಳಬೇಕಿತ್ತು. ಹೇಳುವ ಬದಲು ನಯನಾ ತಾತನ ಕೈಯಿಂದ ಒಬ್ಬಟ್ಟನ್ನು ಕಿತ್ತು ತನ್ನ ಬಾಯಿಗೆ ತುರುಕಿಕೊಂಡಳು.

ತಾತ ಖಾಲಿ ಕೈಯನ್ನೂ ಮೊಮ್ಮಗಳ ಉಬ್ಬಿದ ಕೆನ್ನೆಯನ್ನೂ ನೋಡಿದರು.

"ಮಷೀನ್ ಸರಿಯಿಲ್ಲ ತಾತ," ಎಂದಳು ಹೂರಣದ ಸಂದಿಯಿಂದ. "ನನ್ನೊಬ್ಬಳ ರಕ್ತದಲ್ಲೇ ಮಾಡ್ಬಿಟ್ಟಿದೀನಿ. ಮಾತ್ರೆ ನುಂಗ್ಬೇಕು ನೀವು."

"ಅದ್ಯಾಕೆ, ಬೇರೆ ಯಾರೂ ಸಿಗ್ಲಿಲ್ವಾ?"

"ಕೇಳಕ್ಕೆ ಆಗ್ಲಿಲ್ಲ."

"ಮಹಡಿ ಮ್ಯಾಲೆ ರೂಮ್ ತುಂಬ ಕಾಲೇಜ್ ಹುಡುಗೀರವ್ರೆ. ಒಂದ್ ಒಬ್ಬಟ್ಟು ಕಿತ್ಕೊಳ್ಳೋ ಧೈರ್ಯ ಇರೋಳ್ಗೆ ಒಂದ್ ಹನಿ ಕೇಳಕ್ಕಾಗಲ್ವಾ? ಓಗು."

ಮೇಲಿನ ಮೊದಲ ಬಾಗಿಲನ್ನು ಅವಳು ಎಷ್ಟು ಮೆಲ್ಲಗೆ ತಟ್ಟಿದಳೆಂದರೆ ಅವಳಿಗೇ ಕೇಳಿಸಲಿಲ್ಲ. ಮತ್ತೆ ತಟ್ಟಿದಳು. ಬಾಡಿಗೆಗಿದ್ದ ಮೋನಿಷಾ ತಲೆಗೆ ಟವೆಲ್ ಸುತ್ತಿಕೊಂಡು ಬಂದವಳು, ಓನರ್ ಮೊಮ್ಮಗಳನ್ನು ಕಂಡು ಬೆಚ್ಚಿದಳು.

"ಒಂದು ಹನಿ ರಕ್ತ ಕೊಡ್ತೀರಾ?" ನಯನಾ ನೆಲಕ್ಕೆ ಹೇಳಿದಳು.

"ಅಯ್ಯೋ ಅಕ್ಕ, ಅಷ್ಟೇನಾ," ಮೋನಿಷಾ ಉಸಿರು ಬಿಟ್ಟು ಬೆರಳು ಚಾಚಿದಳು. "ಬಾಡಿಗೆ ಜಾಸ್ತಿ ಮಾಡಕ್ಕೆ ಬಂದ್ರಿ ಅನ್ಕೊಂಡೆ."